ನೀರು ಗೋವಾ ಕಡೆಗಿತ್ತು

ಹುಡುಕುವುದನ್ನು ನಿಲ್ಲಿಸಿದ್ದೇವೆ ಎಂದು ಹೇಳಲು ಸಂಜೀವಕುಮಾರ ಸಾಂಬ್ರಾಣಿ ಊರಿಗೆ ಬಂದಾಗ ಕ್ರಿಸ್ತಿನಾ ಅಂಗಳದಲ್ಲಿ ಕುಳಿತು ಮೆಕ್ಕೆಜೋಳದ ತೆನೆ ಸುಲಿಯುತ್ತಿದ್ದಳು. ಹಳಿಯಾಳ, ದಾಂಡೇಲಿ ಕಡೆಯ ಗಂಡಸರನ್ನು ಕಾರವಾರದ ಮೀನಿನ ಬೋಟುಗಳಿಗೆ ಕೆಲಸಕ್ಕೆ ಕಳಿಸುವವನು ಅವನು. ಅವಳ ಗಂಡ ಮೈಕಲ್‌ನನ್ನು ಒಂಬತ್ತು ವರ್ಷದ ಹಿಂದೆ ಕರೆದೊಯ್ದವನೂ ಅವನೇ. ಬಲೆ ಎಳೆಯುವಾಗ ಆಯತಪ್ಪಿ ಮೈಕಲ್ ಸಮುದ್ರಕ್ಕೆ ಬಿದ್ದು ಅಂದಿಗೆ ಹನ್ನೆರಡು ದಿನ.

"ಇನ್ನ ಸಿಗೂದಿಲ್ಲ ತಂಗಿ," ಅವನು ಬೈಕಿನಿಂದ ಇಳಿಯುತ್ತಲೇ ಹೇಳಿದ. "ಮಾಲಕರು ಎರಡು ಬೋಟು ಹಚ್ಚಿದ್ರು. ಅಂಕೋಲಾ ತನಕಾ ದಂಡಿ ಎಲ್ಲಾ ಜಾಲಾಡ್ಯಾರ."

"ಅಂಕೋಲಾ ಕಡೆ ಯಾಕ ಹೋದ್ರಿ ಅಣ್ಣಾ? ಬಿದ್ದ ದಿನಾನ ಫೋನಿನ್ಯಾಗ ಹೇಳಿದ್ನೆಲ್ಲ, ಗೋವಾ ಕಡೆ ನೋಡ್ರಿ ಅಂತ."

"ಗಾಳಿ ಅಂಕೋಲಾ ಕಡೆನ ಬೀಸಾಕತ್ತಿತ್ತು. ಅವನ ಚಪ್ಪಲಿ ಅಲ್ಲೇ ಸಿಕ್ಕಾವ."

"ಚಪ್ಪಲಿ ತೇಲತೈತಿ, ಗಾಳಿ ಹಿಂದ ಹೋಗತೈತಿ. ಮನಷ್ಯಾ ಮುಳಗತಾನ. ಮುಳಗಿದವನನ್ನ ಒಯ್ಯೂದು ನೀರು." ಕ್ರಿಸ್ತಿನಾ ಕೈಯಲ್ಲಿದ್ದ ತೆನೆ ಕೆಳಗಿಟ್ಟಳು. "ದೀಪಾವಳಿ ಆದಮ್ಯಾಲ ಒಳಗಿನ ನೀರು ಗೋವಾ ಕಡೆ ಹರೀತೈತಿ. ಅವ್ರು ಬಿದ್ದಾಗ ಛಟ್ಟಿ ಅಮಾಸಿಗೆ ಮೂರು ದಿನ ಇತ್ತು. ಅಮಾಸಿ ಭರತಿ ದೊಡ್ಡದು, ಒಳಗಿದ್ದದ್ದನ್ನ ದಂಡಿಗೆ ತಂದು ಒಗೀತೈತಿ."

ಸಂಜೀವಕುಮಾರ ಅವಳನ್ನೇ ನೋಡಿದ. "ನೀ ಸಮುದ್ರ ನೋಡೀ ಏನು?"

"ಇಲ್ಲ."

ನೋಡಿರಲಿಲ್ಲ, ಕೇಳಿದ್ದಳು. ಮೀನುಗಾರಿಕೆ ಬಂದ್ ಇರುವ ಮಳೆಗಾಲದ ಎರಡು ತಿಂಗಳು ಮೈಕಲ್ ಊರಿಗೆ ಬರುತ್ತಿದ್ದ. ಹೊಲದ ಕಾಲುವೆಯಲ್ಲಿ ಒಂದು ಒಣ ದಂಟು ತೇಲಿಬಿಟ್ಟು, ಅದರ ಪಕ್ಕ ದಾರ ಕಟ್ಟಿದ ಕಲ್ಲು ಇಳಿಬಿಟ್ಟು, ಮೇಲಿನ ಸೆಳೆತ ಬೇರೆ, ಒಳಗಿನ ಸೆಳೆತ ಬೇರೆ ಎಂದು ತೋರಿಸುತ್ತಿದ್ದ. ಹರಿದ ಬಲೆ ಯಾವ ತಿಂಗಳಲ್ಲಿ ಯಾವ ದಂಡೆಗೆ ಹೋಗಿ ಬೀಳುತ್ತದೆ, ಇಳಿತದ ಹೊತ್ತಿನಲ್ಲಿ ಮೀನು ಎಲ್ಲಿ ಮುಗಿಬೀಳುತ್ತದೆ, ಅವನಿಗೆ ಅದೇ ಮಾತು. ಕಳೆ ಕೀಳಲು ಬಾ ಎಂದು ಅವಳು ಎಷ್ಟೋ ಸಲ ಬೈದಿದ್ದಳು.

"ಗೋವಾ ಹದ್ದಿನ್ಯಾಗ ನಮ್ಮ ಬೋಟು ಹೊಕ್ಕರ ತಕರಾರು ತೆಗೀತಾರ," ಸಂಜೀವಕುಮಾರ ಕಿಸೆಯಿಂದ ಕಾಗದ ತೆಗೆದ. "ಅದೆಲ್ಲಾ ಬ್ಯಾಡ. ಹುಡುಕಿದ್ದು ಸಾಕು ಅಂತ ಇಲ್ಲೊಂದು ಸಹಿ ಮಾಡಿಬಿಡು."

"ನಿಮಗ ಸಾಕಾಗೈತಿ. ನನಗ ಆಗಿಲ್ಲ," ಎಂದು ಅವಳು ಎದ್ದು ಒಳಗೆ ಹೋದಳು.

ಮರುದಿನ ನಸುಕಿನಲ್ಲೇ ಬಸ್ಸು ಹತ್ತಿದಳು. ಹಳಿಯಾಳ, ದಾಂಡೇಲಿ ದಾಟಿ ಕಾರವಾರ, ಅಲ್ಲಿಂದ ಇನ್ನೊಂದು ಬಸ್ಸು. ತೆಂಗಿನ ಮರಗಳ ಸಂದಿಯಲ್ಲಿ ಮೊದಲ ಸಲ ಸಮುದ್ರ ಕಂಡಿತು. ನೀರು ಯಾವ ಕಡೆ ಹರಿಯುತ್ತಿದೆ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ತಿಳಿಯಲಿಲ್ಲ. ಗೋವಾ ಗಡಿ ದಾಟಿದ ಮೇಲೆ ದಂಡೆಯ ಎರಡು ಊರುಗಳಲ್ಲಿ ವಿಚಾರಿಸಿದಳು. ಮೂರನೆಯ ಊರಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಅವಳ ಮುಖವನ್ನೂ ಗುಂಗುರು ಕೂದಲನ್ನೂ ಒಂದು ಗಳಿಗೆ ನೋಡಿ, ಪೊಲೀಸ್ ಠಾಣೆಯತ್ತ ಕೈ ತೋರಿಸಿದಳು.

"ಯೆಸ್ ಮ್ಯಾಡಮ್? ಟೂರಿಸ್ಟ್?" ಎಂದು ಹವಾಲ್ದಾರ ಎದ್ದು ನಿಂತ. ಕ್ರಿಸ್ತಿನಾ ತನ್ನ ಮನೆಮಾತು ಕೊಂಕಣಿಯಲ್ಲಿ ಉತ್ತರ ಕೊಟ್ಟಾಗ ಅವನು ಗಲಿಬಿಲಿಗೊಂಡು ಮತ್ತೆ ಕುಳಿತ. ನಂತರ ಕೊಂಕಣಿಯಲ್ಲೇ ಮಾತು ನಡೆಯಿತು. ಫೈಲು ಬಿಚ್ಚಿ ಒಂದು ಫೋಟೋ ಮುಂದಿಟ್ಟ. ಮುಖ ಗುರುತು ಹಿಡಿಯುವಂತಿರಲಿಲ್ಲ. ಆದರೆ ಬಲಗೈಯ ಎರಡು ಬೆರಳ ತುದಿ ಇರಲಿಲ್ಲ. ಬಲೆಯ ಹಗ್ಗ ಸುತ್ತುವ ಯಂತ್ರಕ್ಕೆ ಸಿಕ್ಕು ಹೋದ ಬೆರಳುಗಳು. ಆ ಕೈ ಮಾಯುವ ತನಕ ಮೂರು ವಾರ ತಾನೇ ಅವನಿಗೆ ಊಟ ಮಾಡಿಸಿದ್ದಳು.

"ಎಲ್ಲಿದ್ದಾರೆ?" ಎಂದಳು.

"ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ದಂಡೆಗೆ ಬಂದದ್ದು. ಆರು ದಿನ ಇಟ್ಟುಕೊಂಡಿದ್ದೆವು. ಮೊನ್ನೆ ಹೂಳಿದೆವು."

"ಕಾರವಾರ ಇಲ್ಲಿಂದ ಒಂದು ತಾಸಿನ ದಾರಿ. ಅಲ್ಲಿ ಕೇಳಲಿಲ್ಲವೇ?"

"ಅಲ್ಲಿಂದ ಯಾರೂ ಫೋನು ಮಾಡಲಿಲ್ಲ. ನಮಗೂ ಹೊಳೆಯಲಿಲ್ಲ." ಹವಾಲ್ದಾರ ತಲೆ ಕೆರೆದುಕೊಂಡ. "ಬಣ್ಣ, ಆ ಗುಂಗುರು ಕೂದಲು... ಆಫ್ರಿಕಾದಿಂದ ತಿರುಗಾಡಲು ಬಂದವನು ಎಂದುಕೊಂಡೆವು. ದೆಹಲಿಗೆ ಬರೆದೆವು, ಅವರ ದೇಶದವರ ಕಚೇರಿಗಳಿಗೆ. ನಮ್ಮವನು ಎಂದು ಯಾರೂ ಹೇಳಲಿಲ್ಲ."

ಕ್ರಿಸ್ತಿನಾ ಅಳಲಿಲ್ಲ. ತಾನು ಹೇಳಿದ್ದೇ ನಿಜವಾದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ರೋಷ ಉಕ್ಕಿ ಬಂತು. ನೀರು ಸರಿಯಾದ ಕಡೆಗೇ ತಂದಿತ್ತು, ಭರತಿ ಸರಿಯಾದ ದಿನವೇ ದಂಡೆಗೆ ಹಾಕಿತ್ತು. ಫೋನಿನಲ್ಲಿ ಹೇಳಿ ಸುಮ್ಮನೆ ಕೂಡದೆ ಅಂದೇ ಬಸ್ಸು ಹತ್ತಿದ್ದರೆ ತಾನೂ ಆ ಬೆಳಿಗ್ಗೆ ಇಲ್ಲಿರುತ್ತಿದ್ದಳು.

"ರಿಜಿಸ್ಟರ್ ತಿದ್ದಬೇಕು," ಹವಾಲ್ದಾರ ಪೆನ್ನು ತೆಗೆದ. ದನಿ ಮೆತ್ತಗಿತ್ತು. "ಹೆಸರು?"

"ಮೈಕಲ್ ಸಿದ್ದಿ."

"ಊರು?"

"ಸಾಂಬ್ರಾಣಿ. ಹಳಿಯಾಳ ತಾಲೂಕು. ನಾವು ಸಿದ್ದಿಯರು ತಲೆತಲಾಂತರದಿಂದ ಅಲ್ಲಿಯವರೇ."

ಅವನು ಬರೆದುಕೊಂಡ. ಮುಂದಿನ ಕಾಲಮ್ಮಿಗೆ ಬಂದು, ತಲೆ ಎತ್ತದೆ ಕೇಳಿದ:

"ಅದು ಈಗಿನ ವಿಳಾಸ. ಮೂಲ ದೇಶ ಹೇಳಿ."