ಕಾಳು ಕಚ್ಚುವ ಹಲ್ಲು

ದವಡೆ ಹಲ್ಲಿಗೆ ತುಂಬಿದ ಹೊಸ ಸಿಮೆಂಟಿನ ಮೇಲೆ ಅಂಟು ಸವರಲು ಡಾಕ್ಟರ್ ಹೀನಾ ಕುಂಚ ಎತ್ತಿದಾಗ ಪ್ರಭುಲಿಂಗಪ್ಪ ಅವಳ ಕೈ ತಡೆದ. “ಇದನ್ನ ಹಚ್ಚಿದ್ರ ಗಟ್ಟಿ ಆಗತೈತೇನವಾ?”

ಹೂಂ ಅಂದಿದ್ದರೆ ಕೆಲಸ ಮುಗಿಯುತ್ತಿತ್ತು. ಹೊರಗೆ ಆರು ಜನ ಕಾಯುತ್ತಿದ್ದರು. ಆದರೆ ರಾಣೆಬೆನ್ನೂರಿನ ಪೇಟೆಯಲ್ಲಿ ನಲವತ್ತು ವರ್ಷ ಗೋವಿನಜೋಳ ಕಚ್ಚಿ, ಸಪ್ಪಳದಿಂದಲೇ ಹಸಿಯೋ ಒಣಗಿದ್ದೋ ಹೇಳಿದ ಹಲ್ಲದು. ಅದು ಮುರಿದಾಗಿನಿಂದ ಮುದುಕ ತನ್ನ ಕಾಳಿನ ಅಂಗಡಿಯ ಕಡೆ ಹೋಗಿರಲಿಲ್ಲ.

“ಇಲ್ಲ ಕಾಕಾ. ಹೊಳಪು ಬರತೈತಿ, ಆದ್ರ ಮ್ಯಾಲಿನ ಪದರು ಮೆತ್ತಗ ಉಳೀತೈತಿ.”

“ಹೊಳಪು ತಗೊಂಡು ಏನ್ ಮಾಡ್ಲಿ?”

ಹೀನಾ ಕುಂಚ ಕೆಳಗಿಟ್ಟು, ಬರೀ ಉಜ್ಜಿ ಉಜ್ಜಿಯೇ ಹಲ್ಲನ್ನು ನಯ ಮಾಡಿದಳು. ಎದ್ದು ಕುಳಿತವನೇ ಅವನು ಕಿಸೆಯಿಂದ ಒಂದು ಕಾಳು ತೆಗೆದು, ಅವಳು ಬೇಡವೆನ್ನುವಷ್ಟರಲ್ಲಿ ಕಚ್ಚಿ, ಕಣ್ಣು ಮುಚ್ಚಿದ.

“ಇದಕ್ಕ ಇನ್ನೂ ಎರಡು ಬಿಸಲು ಬೇಕವಾ.”