ಲೆಕ್ಕದ ಮೇಷ್ಟ್ರ ದನಿ

“ಬಿಡಿ ಸ್ಥಾನದಲ್ಲಿರುವ ಎರಡರಿಂದ ಏಳನ್ನು ಕಳೆಯಲು ಸಾಧ್ಯವಾಗದಿರುವುದರಿಂದ, ಹತ್ತರ ಸ್ಥಾನದಿಂದ ಒಂದು ದಶಕವನ್ನು ಪಡೆಯತಕ್ಕದ್ದು. ಅರ್ಥವಾಯಿತೆ?” ಎಂದು ಭಾಷಾ ಮೇಷ್ಟ್ರು ಕೇಳಿದರು. ಮೂರನೇ ತರಗತಿಯ ಮಕ್ಕಳು ಬಾಯಿ ಬಿಟ್ಟುಕೊಂಡು ಬೋರ್ಡು ನೋಡಿದರು. ಐವತ್ತೆರಡರಲ್ಲಿ ಇಪ್ಪತ್ತೇಳು ಹೋದರೆ ಎಷ್ಟು ಎಂಬ ಲೆಕ್ಕವನ್ನು ಬರೆದು ಒರೆಸಿ, ಮತ್ತೆ ಬರೆದು ಒರೆಸಿ, ಬೋರ್ಡಿಗೇ ಬೇಸರ ಬಂದಂತಿತ್ತು.

ಅದು ಅವರ ಪೀರಿಯಡ್ ಅಲ್ಲ, ಲೆಕ್ಕದ ಮೇಷ್ಟ್ರದು. ಲೆಕ್ಕದ ಮೇಷ್ಟ್ರ ಮನೆಮಾತು ಬೇರೆ. ಅವರ ಬಾಯಲ್ಲಿ ಬಸ್ಸು ಬರುತ್ತಿದ್ದ, ಕುರ್ಚಿ ಬೀಳುತ್ತಿದ್ದಳು, ಮುಖ್ಯೋಪಾಧ್ಯಾಯಿನಿ ಮಾತ್ರ ಬರುತ್ತಿತ್ತು. ಏಕವಚನ, ಬಹುವಚನ ಎರಡೂ ತಪ್ಪುತ್ತಿದ್ದರು. ಕೊಟ್ಟ ವಚನ ಮಾತ್ರ ಎಂದೂ ತಪ್ಪಿದವರಲ್ಲ. ಮೊನ್ನೆ ಒಬ್ಬ ತಂದೆ ಶಾಲೆಗೆ ಬಂದು ರೇಗಾಡಿದ್ದರು. “ನನ್ನ ಮಗಳು ಮನೇಲಿ ‘ಅಜ್ಜಿ ಬಂತು’ ಅಂತಾಳೆ! ಮೇಷ್ಟ್ರೇ ಹೀಗೆ ಮಾತಾಡಿದ್ರೆ ಮಕ್ಕಳು ಇನ್ನೆಲ್ಲಿ ಕಲೀಬೇಕು?” ತಳ್ಳಿಹಾಕುವಂಥ ಪ್ರಶ್ನೆಯೇನಲ್ಲ. ಮುಖ್ಯೋಪಾಧ್ಯಾಯಿನಿ ಭಾಷಾ ಮೇಷ್ಟ್ರನ್ನು ಕರೆಸಿ, “ನಿಜವಾಗ್ಲೂ ಅಷ್ಟು ಕೆಟ್ಟದಾಗಿ ಮಾತಾಡ್ತಾರೇನ್ರೀ?” ಎಂದು ಕೇಳಿದರು.

ಹೌದು ಎಂದೋ ಇಲ್ಲ ಎಂದೋ ಹೇಳಿದ್ದರೆ ಸಾಕಿತ್ತು. ಭಾಷಾ ಮೇಷ್ಟ್ರು ಮಾಡಿ ತೋರಿಸಿದರು. ಸ್ಟಾಫ್ ರೂಮಿನಲ್ಲಿ ಟೀ ಹೊತ್ತಿಗೆ ದಿನಾ ಮಾಡುತ್ತಿದ್ದದ್ದೇ: ಗಂಟಲಲ್ಲಿ ಸಿಕ್ಕಿಕೊಳ್ಳುವ ಒತ್ತಕ್ಷರ, ಮೂಗಿನಲ್ಲಿ ಮುಗಿಯುವ ಮಾತು, ವಾಕ್ಯದ ತುದಿಗೊಂದು ರಾಗ. “ನಿಮ್ಮದು ವ್ಯಾಕರಣ ಅಲ್ಲ ಸಾರ್, ವ್ಯವಕಲನ!” ಎಂದು ಇವರು ಕಿಚಾಯಿಸಿದರೆ, ಎದುರಿಗೇ ಕೂತ ಲೆಕ್ಕದ ಮೇಷ್ಟ್ರು, “ಕಳೆದು ಉಳಿದಾನಲ್ಲ, ನನಗೆ ಸಾಕು ಸಾರ್” ಎಂದು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ಅದೇ ಅಣಕ ಕೇಳಿ ಮುಖ್ಯೋಪಾಧ್ಯಾಯಿನಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ಇಲ್ಲಪ್ಪ, ಇದು ಆಗಲ್ಲ” ಎಂದರು. ಲೆಕ್ಕದ ಮೇಷ್ಟ್ರ ಕೆಲಸ ಇವತ್ತಿಗೆ ಕೊನೆ.

“ಸಾರ್,” ಮುಂದಿನ ಬೆಂಚಿನ ಎರಡು ಜಡೆಯವಳು ಎದ್ದು ನಿಂತಳು. “ನಮ್ಮ ಸಾರ್ ಬರಲ್ವಾ?”

“ಬರಲ್ಲ. ಯಾಕಮ್ಮಾ?”

“ನೀವು ಹೇಳಿದ್ರೆ ಎರಡು ಏನೂ ಮಾಡಲ್ಲ ಸಾರ್. ಸುಮ್ನೆ ಕೂತಿರುತ್ತೆ.”

“ಅವರು ಹೇಳಿದ್ರೆ?”

“ಪಕ್ಕದ ಮನೆಗೆ ಹೋಗ್ತಾಳೆ.”

ಗಂಟೆ ಹೊಡೆಯಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಹೋಗಲಿ, ಮಕ್ಕಳನ್ನು ಒಮ್ಮೆ ನಗಿಸಿಯಾದರೂ ಬಿಡೋಣ ಎಂದುಕೊಂಡು ಭಾಷಾ ಮೇಷ್ಟ್ರು ಲೆಕ್ಕದ ಮೇಷ್ಟ್ರಂತೆ ಮೂಗಿನಲ್ಲೇ ರಾಗ ಎತ್ತಿದರು. “ನೋಡಿ ಮಕ್ಕಳು! ಎರಡು ಬಡವಿ ಇದ್ದಾಳೆ. ಏಳು ಬಂದ, ಬಾಗಿಲು ತಟ್ಟಿದಳು, ‘ನನಗೆ ಏಳು ಕೊಡು’ ಅಂತು. ಎರಡು ಹತ್ರ ಎಲ್ಲಿ ಇದ್ದಾನೆ ಏಳು? ಪಕ್ಕದ ಮನೆ ಐದು ಹತ್ರ ಓಡಿದ. ‘ಅಣ್ಣಾ, ಒಂದು ಹತ್ತು ಕೊಡೇ!’”

ಯಾರೂ ನಗಲಿಲ್ಲ. ಬಾಗಿದ್ದ ಬೆನ್ನುಗಳು ನೆಟ್ಟಗಾದವು. ಪೆನ್ಸಿಲುಗಳು ಹೊರಬಂದವು.

“ಐದು ಕೊಟ್ಟಳು. ಕೊಟ್ಟು ತಾನು ಏನು ಆಯ್ತಾನೆ?”

“ನಾಲ್ಕು ಆಯ್ತಾನೆ!” ಇಡೀ ತರಗತಿ ಕೂಗಿತು. “ಎರಡು ಹನ್ನೆರಡು ಆದಳು! ಏಳು ಕೊಟ್ಟ, ಐದು ಉಳಿದಳು!” ಭಾಷಾ ಪೀರಿಯಡ್ಡಿನಲ್ಲಿ ಆಕಳಿಸುವುದಕ್ಕಷ್ಟೇ ಬಾಯಿ ತೆರೆಯುತ್ತಿದ್ದ ಗುಂಡ ಬೆಂಚಿನ ಮೇಲೇ ಹತ್ತಿ ನಿಂತ. “ಇಪ್ಪತ್ತೈದು ಸಾರ್! ಇನ್ನೊಂದು ಹಾಕಿ!”

ಇನ್ನೊಂದು ಹಾಕಿದರು. ಮತ್ತೊಂದು ಹಾಕಿದರು. ತಮಾಷೆಗೆ ಎತ್ತಿದ ದನಿಯನ್ನು ಕೆಳಗಿಡಲು ಅವರಿಗೇ ಮನಸ್ಸಾಗಲಿಲ್ಲ. ಈ ಮನುಷ್ಯನ ಬಾಯನ್ನು ಎಷ್ಟು ಸಲ ನಕಲು ಮಾಡಿದ್ದರು. ಆ ಬಾಯಿ ಏನು ಕೆಲಸ ಮಾಡುತ್ತಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಗಂಟೆ ಹೊಡೆದ ಕೂಡಲೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಬೇಕು, ಅವರನ್ನು ಕಳಿಸಬೇಡಿ, ನನ್ನಿಂದಲೇ ತಪ್ಪಾಯಿತು ಎನ್ನಬೇಕು ಎಂದು ಗಟ್ಟಿಮಾಡಿಕೊಂಡು, ಬೋರ್ಡು ಒರೆಸಲು ತಿರುಗಿದರು.

ಬಾಗಿಲಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು. ಹೆಗಲಲ್ಲಿ ಚೀಲ, ಅದರ ಬಾಯಿಂದ ಹೊರಚಾಚಿದ ಮರದ ಕೈವಾರದ ಕಾಲು. ಮಕ್ಕಳಿಗೆ ಹೇಳಿ ಹೋಗಲು ಬಂದವರು ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಸ್ಟಾಫ್ ರೂಮಿನ ಆ ನಗು ಮುಖದಲ್ಲಿರಲಿಲ್ಲ.

“ಅಲ್ಲಿ ಮಾಡು ಸಾರ್, ಟೀ ಕುಡಿಯುವಾಗ. ನಾನೂ ನಗ್ತಾನೆ,” ಎಂದರು, ಮಕ್ಕಳಿಗೆ ಕೇಳಿಸದಷ್ಟು ಮೆಲ್ಲಗೆ. “ಮಕ್ಕಳು ಮುಂದೆ ಬೇಡ ಇತ್ತು.”

ಭಾಷಾ ಮೇಷ್ಟ್ರು ಬಾಗಿಲಿಗೆ ಧಾವಿಸಿದರು. ಅಣಕಿಸಲಿಲ್ಲ, ನಿಮ್ಮ ಪಾಠವನ್ನೇ ಮಾಡುತ್ತಿದ್ದೆ ಎಂದು ಹೇಳಬೇಕಿತ್ತು. ಆದರೆ ಇಷ್ಟು ಹೊತ್ತು ಆ ದನಿಯಲ್ಲೇ ಹೊರಳಿದ ನಾಲಗೆ ಇನ್ನೂ ತನ್ನ ಮನೆಗೆ ಮರಳಿರಲಿಲ್ಲ. “ಇಲ್ಲ ಸಾರ್, ಮಕ್ಕಳು ನಗಲಿಲ್ಲ ಇದ್ದಾನೆ…” ಎಂದುಬಿಟ್ಟರು, ಅದೇ ಮೂಗಿನಲ್ಲಿ, ಅದೇ ರಾಗದಲ್ಲಿ.

ಒಂದೇ ದನಿಯ ಇಬ್ಬರು ಮೇಷ್ಟ್ರುಗಳನ್ನು ಎದುರುಬದುರು ಕಂಡು, ಅಲ್ಲಿಯವರೆಗೆ ತುಟಿ ಅರಳಿಸದಿದ್ದ ತರಗತಿ ಘೊಳ್ಳೆಂದು ನಕ್ಕಿತು.