ಮೇಲಿಂದ ಬಿಟ್ಟ ಪ್ರಸಾದ

ಪಾದ್ರಿಗಳ ಬೆರಳಿಂದ ಜಾರಿದ ಪರಮಪ್ರಸಾದದ ರೊಟ್ಟಿ ಚೂರು ಸವರಿಯಮ್ಮನ ಚಾಚಿದ ನಾಲಗೆಗೆ ಸಿಗದೆ ನೆಲಕ್ಕೆ ಬಿತ್ತು. ಸ್ವಾತಂತ್ರ್ಯ ಬಂದ ಮಾರನೇ ವರ್ಷದ ಈಸ್ಟರ್ ಪೂಜೆ. ಹನೂರು ಕಡೆಯ ಆ ಇಗರ್ಜಿಯಲ್ಲಿ ಮೇಲ್ಜಾತಿಯವರು ಪೀಠದ ಕಟಕಟೆಯಲ್ಲಿ ಮಂಡಿಯೂರಿ ಪ್ರಸಾದ ತಗೊಂಡಾದ ಮೇಲೆ, ಕೇರಿಯವರಿಗೆ ಬಾಗಿಲ ಬಳಿ ಕೊಡುವುದು. ಎಂಜಲು ತಾಗದಂತೆ ಮೇಲಿಂದ ಬಿಡುವುದು.

"ನೆಟ್ಟಗೆ ನಾಲಗೆ ಚಾಚಕ್ಕೂ ಬರಲ್ವೇನಮ್ಮಿ?" ಪಾದ್ರಿಗಳ ಪಕ್ಕದಲ್ಲಿ ನಿಂತಿದ್ದ ಉಪದೇಶಿ ಚಿನ್ನಪ್ಪ ಗದರಿದ. "ಯಾರೂ ತುಳೀಬ್ಯಾಡ್ರಪ್ಪಾ, ಏಸುಸಾಮಿ ಮೈ ಬಿದ್ದ ಜಾಗ!"

ಪಾದ್ರಿಗಳು ಮಂಡಿಯೂರಿ ಪ್ರಸಾದ ಎತ್ತಿಕೊಂಡರು. ಆ ನೆಲಕ್ಕೆ ನೀರು ಹಾಕಿ, ಬಿಳಿ ಬಟ್ಟೆಯಿಂದ ಮೆಲ್ಲಗೆ ಒರೆಸತೊಡಗಿದರು. ಕೇರಿಯವರು ಕೂರುವ ನೆಲವನ್ನು ಅವರು ಮುಟ್ಟಿದ್ದು ಅದೇ ಮೊದಲು. ಸವರಿಯಮ್ಮ ಆ ಬಿಳಿ ಬಟ್ಟೆಯನ್ನೇ ನೋಡಿದಳು. ಯಾವುದೋ ದೇಶದಲ್ಲಿ, ನಂಬದವನೊಬ್ಬನ ಕೈಯಲ್ಲಿ ಈ ರೊಟ್ಟಿ ರಕ್ತ ಸುರಿಸಿತಂತೆ ಎಂದು ಈಗ ತಾನೇ ಪ್ರಸಂಗದಲ್ಲಿ ಹೇಳಿದವರು ಇವರೇ. ಮುಂದಿನ ಸಾಲಿನವರು ಗೊಳೋ ಎಂದು ಅತ್ತಿದ್ದರು.

ಅವಳು ಎದ್ದು, ಆ ಸಾಲುಗಳನ್ನೆಲ್ಲ ದಾಟಿ, ಕಟಕಟೆಗೇ ಹೋಗಿ ಮಂಡಿಯೂರಿದಳು.

"ಏಯ್, ಎಲ್ಗಮ್ಮಿ ನುಗ್ತೀಯ?" ಚಿನ್ನಪ್ಪ ಕೂಗಿದ.

"ರೊಟ್ಟೀಲಿ ರಕ್ತ ಬಂತು ಅಂದ್ರೆ ಅಳ್ತೀರಿ. ನನ್ ಮೈಯಾಗೆ ಅರಿಯೋದೇನು, ಗಂಜಿನಾ? ನಾಲಗೆ ಮುಟ್ಟಿ ಕೊಡಿ ಸಾಮಿ. ಆಗಲ್ಲ ಅಂದ್ರೆ, ಅದು ಏಸುಸಾಮಿ ಮೈ ಅಂತ ಇನ್ಮೇಲೆ ಯೋಳ್ಬ್ಯಾಡಿ."

ಅವಳು ನಾಲಗೆ ಚಾಚಿದಳು. ಪಾದ್ರಿಗಳು ನೆಲದಿಂದ ಏಳುವಷ್ಟರಲ್ಲಿ ಕೇರಿಯವರೆಲ್ಲ ಬಂದು ಅವಳ ಪಕ್ಕದಲ್ಲಿ ಮಂಡಿಯೂರಿದ್ದರು.